ಮುಸುಕಿನೊಳಗೆ ಒಪ್ಪಿದವರು

"ಗುರುಗಳೇ, ಕೆಟ್ಟ ಕೆಲಸ ಮಾಡುವ ಗುಂಪಿನಲ್ಲಿ ಎಲ್ಲರೂ ಕೆಟ್ಟವರೇ ಇರುತ್ತಾರೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಹಾಗಿದ್ದಿದ್ದರೆ ಲೋಕದ ಕೆಲಸ ಎಷ್ಟು ಸಲೀಸಾಗುತ್ತಿತ್ತು! ಕೂತುಕೋ, ಹೇಳುತ್ತೇನೆ" ಎಂದು ಶುರುಮಾಡಿದರು.

ಕಡಲಾಚೆ ಒಂದು ದೇಶ. ಅಲ್ಲಿ ಬಿಳಿಯರು ಕಪ್ಪು ಜನರನ್ನು ತಲೆತಲಾಂತರದಿಂದ ದನಗಳ ಹಾಗೆ ಕೊಂಡು, ಮಾರಿ, ದುಡಿಸಿಕೊಂಡಿದ್ದರು. ಒಂದು ದೊಡ್ಡ ಯುದ್ಧವಾಗಿ ಆ ಜನರಿಗೆ ಬಿಡುಗಡೆ ಸಿಕ್ಕಿತು. ಯಜಮಾನರಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. "ನಿನ್ನೆಯ ಆಳು ಇವತ್ತು ನಮ್ಮ ಸಮಕ್ಕೆ ನಿಲ್ಲುವುದೇ?" ಎಂದು ಕೆಲವರು ಸೇರಿ ಗುಂಪು ಕಟ್ಟಿದರು. ಮೈಗೆ ಬಿಳಿ ನಿಲುವಂಗಿ, ತಲೆಗೆ ಚೂಪು ತುದಿಯ ಮುಸುಕು, ಕಣ್ಣಿಗೆ ಎರಡು ತೂತು. ಮೊದಮೊದಲು ದೆವ್ವದ ವೇಷದಲ್ಲಿ ಹೆದರಿಸಿದರು. ಆಮೇಲೆ ಚಾಟಿ ಬಂತು. ಅದರ ಹಿಂದೆಯೇ ಬೆಂಕಿ ಬಂತು, ನೇಣು ಬಂತು.

ಗುಂಪಿಗೊಂದು ಕಟ್ಟಳೆ ಇತ್ತು. ತಮ್ಮ ಸಭೆಯಲ್ಲಿ ಕೂಡ ಯಾರೂ ಮುಸುಕು ತೆಗೆಯುವ ಹಾಗಿಲ್ಲ, ಹೆಸರು ಹೇಳುವ ಹಾಗಿಲ್ಲ. ಮುಖವೇ ಗೊತ್ತಿಲ್ಲದಿದ್ದರೆ ಯಾರು ಯಾರನ್ನು ಹಿಡಿದುಕೊಟ್ಟಾರು ಎಂಬ ಜಾಣತನ! ನಾಯಕ ಕೇಳಿದ್ದಕ್ಕೆ ಒಪ್ಪಿಗೆಯಿದ್ದರೆ ತಲೆ ಬಾಗಿಸಬೇಕು. ಕಟ್ಟಳೆ ಮುರಿದವನ ಮನೆಗೇ ಬೆಂಕಿ.

ಈ ಗುಂಪಿನಲ್ಲಿ ಹಿಟ್ಟಿನ ಗಿರಣಿಯವನೊಬ್ಬ ಇದ್ದ. ಒಳ್ಳೆಯವನೇನಲ್ಲ, ಪುಕ್ಕಲ. ಸೇರದಿದ್ದರೆ ಊರವರು ಗಿರಣಿ ಕಡೆ ತಲೆ ಹಾಕುವುದಿಲ್ಲ ಎಂದು ಸೇರಿಕೊಂಡಿದ್ದ. ಎಲ್ಲರೂ ತಲೆ ಬಾಗಿಸಿದಾಗ ಹತ್ತರ ಜೊತೆ ಹನ್ನೊಂದು ಎಂದು ತಾನೂ ಬಾಗಿಸುತ್ತಿದ್ದ.

ಒಂದು ಸಂಜೆ ಊರಾಚೆಯ ಬಯಲಿನಲ್ಲಿ ಸಭೆ ಸೇರಿತು. "ಹೊಳೆದಂಡೆಯ ಆ ಕರಿಯ ಸ್ವಂತ ಹೊಲ ಕೊಂಡಿದ್ದಾನೆ. ಇವತ್ತು ಅವನ ಮನೆ ಉಳಿಯಬಾರದು. ಒಪ್ಪಿಗೆಯೇ?" ಎಂದು ನಾಯಕ ಕೇಳಿದ.

ಅದು ಯಾರೆಂದು ಗಿರಣಿಯವನಿಗೆ ತಕ್ಷಣ ಗೊತ್ತಾಯಿತು. ಆ ರೈತ ಬೆಳಿಗ್ಗೆ ತಾನೇ ಜೋಳದ ಮೂಟೆ ಇಳಿಸಿ, "ನಾಳೆ ಬಂದು ಹಿಟ್ಟು ಒಯ್ಯುತ್ತೇನೆ" ಎಂದು ಹೇಳಿ ಹೋಗಿದ್ದ. ಹಿಟ್ಟು ಬೀಸಿ ಕಟ್ಟಿಟ್ಟಾಗಿತ್ತು. ನಾಳೆ ಅದನ್ನು ಒಯ್ಯಲು ಯಾರು ಬರಬೇಕು? ಅದರ ರೊಟ್ಟಿ ಯಾರು ತಿನ್ನಬೇಕು? ಸುತ್ತಲೂ ಚೂಪು ಮುಸುಕುಗಳು ಒಂದೊಂದಾಗಿ ಬಾಗುತ್ತಿದ್ದವು. ಪಕ್ಕದವನದೂ ಬಾಗಿತು. ಇವನ ಕತ್ತು ಮಾತ್ರ ಬಾಗಲೊಲ್ಲದು.

ಮುಸುಕು ಕಿತ್ತು ಕೈಯಲ್ಲಿ ಹಿಡಿದ. "ನಾನು ಗಿರಣಿಯವನು. ಅವನ ಹಿಟ್ಟು ನನ್ನ ಹತ್ತಿರ ಇದೆ. ನಾಳೆ ಅವನು ಬರಬೇಕು. ನನ್ನ ಒಪ್ಪಿಗೆ ಇಲ್ಲ" ಎಂದ. ಗಿರಣಿ ಬೂದಿಯಾಯಿತು, ತನ್ನ ಕತೆ ಮುಗಿಯಿತು ಎಂದುಕೊಂಡ.

"ಹಿಡಿಯಿರಿ ಅವನನ್ನು!" ಎಂದು ನಾಯಕ ಕೂಗಿದ. ಪಕ್ಕದವನು ಮುಂದೆ ಬಂದ. ಬಂದವನು ಹಿಡಿಯಲಿಲ್ಲ, ತನ್ನ ಮುಸುಕನ್ನೂ ತೆಗೆದ. ನೋಡಿದರೆ ಗಿರಣಿಯವನ ಸ್ವಂತ ಭಾವಮೈದ!

"ಅಯ್ಯೋ ನಿನ್ನ! ನೀನೂ ಇಲ್ಲೇ ಇದ್ದೀಯಾ?"

"ಇನ್ನೇನು ಮಾಡಲಿ ಭಾವ? ನೀವು ಸೇರಿದ್ದೀರಿ ಅಂತ ಸುದ್ದಿ ಬಂತು. ನಿಮಗೇ ಹೆದರಿ ನಾನೂ ಸೇರಿಬಿಟ್ಟೆ!"

ಯಾರೋ ಒಬ್ಬ ಮುಸುಕಿನೊಳಗೇ ಕಿಸಕ್ಕೆಂದ. ಬಡಗಿ ಮುಸುಕು ತೆಗೆದ. ಔಷಧಿ ಅಂಗಡಿಯವನು ತೆಗೆದ. ಅರ್ಧಕ್ಕಿಂತ ಹೆಚ್ಚು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಾಚಿ ನಿಂತರು. ನಾಯಕನೂ ಅವನ ನಾಲ್ಕೈದು ಜನರೂ ಹಲ್ಲು ಕಡಿಯುತ್ತ ಹೊರಟುಹೋದರು. ಆಮೇಲೆ ಆ ಊರಿನಲ್ಲಿ ಅವರ ಬೇಳೆ ಬೇಯಲಿಲ್ಲ.

ಮಾರನೆಯ ದಿನ ರೈತ ಹಿಟ್ಟಿಗೆ ಬಂದ. ಗಿರಣಿಯವನು ತಲೆ ತಗ್ಗಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ರೈತ ಮೂಟೆಯ ಕಟ್ಟನ್ನು ಬಿಗಿ ಮಾಡಿದ.

"ನಿಮಗೆ ಹೆದರಿ ನನ್ನ ಮಕ್ಕಳು ವರ್ಷದಿಂದ ಕಾಡಿನಲ್ಲಿ ಮಲಗುತ್ತಿದ್ದಾರೆ. ಇವತ್ತು ಮನೆಯೊಳಗೆ ಹಾಸಿಗೆ ಹಾಸುತ್ತೇನೆ" ಎಂದು ಹೇಳಿ, ಮೂಟೆ ಹೆಗಲಿಗೇರಿಸಿ ಹೊರಟ. ಗಿರಣಿಯವನು ಬೀಸುವ ಕಲ್ಲಿನ ಪಕ್ಕ ಕುಸಿದು ಕೂತು ಮನಸ್ಸು ಹಗುರಾಗುವ ತನಕ ಅತ್ತ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಬಿಗಿಹಿಡಿದಿದ್ದ ಉಸಿರನ್ನು ಶಿಷ್ಯ ಬಿಟ್ಟ. "ಸದ್ಯ, ಬದುಕಿದರು ಆ ರೈತನ ಮನೆಯವರು! ಹಾಗಾದರೆ ಗುರುಗಳೇ, ಮನಸ್ಸಿಲ್ಲದೆ ಸೇರಿದ ಆ ಜನ ಕೆಟ್ಟವರಲ್ಲ, ಅಲ್ಲವೇ?"

"ಅದಕ್ಕೂ ಮೊದಲು ಸುಟ್ಟ ಮನೆಗಳಿಗೆ ಬೆಂಕಿ ಇಟ್ಟದ್ದೂ ಆ ಮನಸ್ಸಿಲ್ಲದವರ ಕೈಗಳೇ, ಮಗು" ಎಂದರು ಗುರುಗಳು.