ಗಂಡನ ಮಡು

೧೯೮೪ರ ಮಾರ್ಚ್ ಹನ್ನೆರಡು. ಮೋಡವಿಲ್ಲದ ದಿನ, ಬೆಳಿಗ್ಗೆಯೇ ಬಿಸಿಗಾಳಿ ಎದ್ದಿತ್ತು. ಮುದ್ದನಕೊಪ್ಪಲಿನ ಪಡುವಣ ಹಳ್ಳದಲ್ಲಿ ಕರಿಗೇರಿನ ಮರಗಳು ಸುತ್ತುಗಟ್ಟಿದ ಮಡುವೊಂದಿದೆ. ನಕ್ಷೆ ಬರೆಯಲು ಬಂದಿದ್ದ ಸರ್ವೆಯವನು ಅದರ ಹೆಸರು ಕೇಳಿ, "ಗಂಡನ ಮಡುವೇ? ಯಾರ ಗಂಡನಪ್ಪ, ಹೆಂಡತಿಗೆ ಹೆದರಿ ಬಿದ್ದನೇನು?" ಎಂದು ನಕ್ಕ. ಕುಂಬಾರರ ಮುದುಕ ಗುಂಡಯ್ಯ ನಗಲಿಲ್ಲ. "ಕೂತ್ಕೊಳ್ಳಿ ಸ್ವಾಮಿ" ಎಂದ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಎಲ್ಲಿಂದಲೋ ಒಬ್ಬಳೇ ಬಂದು ನೆಲೆಸಿದ ಮಾಚವ್ವನೆಂಬ ಮಡಿವಾಳಗಿತ್ತಿ ಇಲ್ಲಿ ಊರ ಬಟ್ಟೆ ಒಗೆಯುತ್ತಿದ್ದಳು ಎನ್ನುತ್ತಾರೆ. ಗೇರುಕಾಯಿಯ ಕರಿ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಕಲೆ ಹೋಗದು. ಆ ಸೊನೆಯಿಂದ ಅವಳು ಮನೆಗೊಂದು ಗುರುತನ್ನು ಅಂಚಿಗೆ ಹಾಕುತ್ತಿದ್ದಳು. ಯಾವುದು ಯಾರದೆಂದು ಅವಳೊಬ್ಬಳಿಗೇ ಗೊತ್ತು. ಒಂದು ದಿನ ಪಾಳೆಯಗಾರನ ತಮ್ಮ ಹಳ್ಳದಲ್ಲಿ ಕೊಲೆಯಾಗಿ ಬಿದ್ದಿದ್ದ. ಅವನ ಮುಷ್ಟಿಯಲ್ಲಿ ಹರಿದ ಪಂಚೆಯ ತುದಿ, ಅದರಲ್ಲಿ ಗೇರಿನ ಗುರುತು. ನೋಡಿದ ಕೂಡಲೇ ಮಾಚವ್ವನಿಗೆ ತಿಳಿಯಿತು: ಅದು ಕುಂಬಾರರ ಮನೆಯದು. ಆ ಮನೆಯ ಮಗಳ ಮೇಲೆ ಸತ್ತವನು ಕೈಹಾಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಈಗ ಬಾಯಿಬಿಟ್ಟರೆ ಅಲ್ಲಿನ ಹಸುಗೂಸೂ ಉಳಿಯದು.

"ಯಾರ ಮನೇದೇ ಇದು?" ಎಂದ ಪಾಳೆಯಗಾರ.

"ನಮ್ಮದೇ ಬುದ್ಧಿ. ನನ್ನ ಗಂಡನದು. ಮೊನ್ನೆ ಬಂದು ಹೋದ."

"ಮಡಿವಾಳರು ತಮ್ಮ ಬಟ್ಟೆಗೂ ಗುರುತು ಹಾಕ್ತಾರೇನೇ?"

"ಮನೇಲಿ ನಿಲ್ಲದೋನ ಬಟ್ಟೆಗೆ ಹಾಕಬೇಕಾಯ್ತು ಬುದ್ಧಿ."

ನೆರೆದವರು ನಕ್ಕರು. ಅವಳ ಗಂಡ ಸರಕು ಹೊರುವ ಹೇರೆತ್ತಿನ ವ್ಯಾಪಾರಿಗಳ ಹಿಂದೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಸತ್ತನೆಂದೇ ಅವಳು ತಿಳಿದಿದ್ದಳು. ಸತ್ತವನಿಗೆ ಇನ್ನಾವ ಕೇಡು ಎಂದುಕೊಂಡಿದ್ದಳು. ಪಾಳೆಯಗಾರ ಅವನ ಹೆಸರು ಕೇಳಿದಾಗ ಸೆರಗನ್ನು ಬಾಯಿಗೊತ್ತಿಕೊಂಡಳು. ಗಂಡನ ಹೆಸರನ್ನು ಹೆಂಡತಿ ನುಡಿಯುವಂತಿಲ್ಲ. "ಇವಳ ಗಂಡನೆಂದು ಬಂದವನನ್ನು ಕಡಿಯಿರಿ" ಎಂದು ಅಪ್ಪಣೆಯಾಯಿತು. ಕುಂಬಾರರು ಉಳಿದರು.

ಮುಂದಿನ ಬೇಸಿಗೆಯಲ್ಲಿ, ಹೆಂಡತಿಯನ್ನು ಊರೂರು ಅರಸಿ, ಇಲ್ಲಿರುವಳೆಂದು ತಿಳಿದು ಬಂದವನೊಬ್ಬ ಈ ಮಡುವಿನಲ್ಲಿ ಮಿಂದು ತಲೆ ಒರೆಸಿಕೊಳ್ಳುತ್ತಿದ್ದ. ಕಾವಲಿನವರು ಯಾರೆಂದು ಕೇಳಿದರು. "ನಿಮ್ಮೂರ ಮಾಚವ್ವನ ಗಂಡ ಕಣ್ರಯ್ಯ!" ಎಂದು ಅವನು ಹಿಗ್ಗಿನಿಂದ ಹೇಳಿದ. ಅವರು ಅಲ್ಲೇ ಕತ್ತಿ ಎತ್ತಿದರು.

ಇಂದಿಗೂ ನೋಡಬಂದವರಿಗೆ ಗೇರುಮರದ ಬುಡದಲ್ಲಿ ಬೋರಲಾಗಿಟ್ಟ ಹೊಸ ಮಡಕೆಯೊಂದು ಕಾಣುತ್ತದೆ. ಪ್ರತಿವರ್ಷ ಮಡಕೆ ಸುಡುವ ಮೊದಲ ಆವಿಗೆಯಿಂದ ತೆಗೆದು ಅದನ್ನಿಡುವವರು ಗುಂಡಯ್ಯನ ಮನೆಯವರು.

"ಅವನ ಹೆಸರೇನಾಗಿತ್ತು?" ಸರ್ವೆಯವನು ಮೆಲ್ಲಗೆ ಕೇಳಿದ.

"ಹೆಣ ತಬ್ಬಿಕೊಂಡಾಗಲೂ ಅವಳು ಹೆಸರು ಹಿಡಿದು ಅಳಲಿಲ್ಲ ಸ್ವಾಮಿ. ನಮ್ಮ ಹಿರೀಕರು ಕಾಲಿಗೆ ಬಿದ್ದು ಕೇಳಿದರಂತೆ. 'ನನ್ನ ಗಂಡ' ಅಂದ್ಲಂತೆ, ಅಷ್ಟೇ."