ಬಾಗಿಲ ಕಲ್ಲವ್ವನ ಸೆರಗು

ಬಹಳ ಹಿಂದೆ, ಇಸವಿ ಮಾತ್ರ ಕೇಳಬೇಡಿ, ಒಂದೂರಿನಲ್ಲಿ ಒಂದು ದೊಡ್ಡ ದವಾಖಾನೆ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಕೈಕಾಲು ಮುರಿದರೂ, ಯಾರ ಹೊಟ್ಟೆಯಲ್ಲಿ ಗಡ್ಡೆ ಬೆಳೆದರೂ, ಯಾರಿಗೆ ಹೆರಿಗೆ ಕಷ್ಟವಾದರೂ ಚಕ್ಕಡಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು. ಎಷ್ಟು ದೊಡ್ಡದು ಅಂದರೆ, ಕೆಮ್ಮು ತೋರಿಸಲು ಬಂದ ಮುದುಕನೊಬ್ಬ ಒಳಗೆ ದಾರಿ ತಪ್ಪಿ ಅಲೆದಾಡಿ, ಹೊರಗೆ ಬರುವಷ್ಟರಲ್ಲಿ ಅವನ ಕೆಮ್ಮೇ ಹೋಗಿತ್ತು ಅಂತಾರೆ. ಅಂದವರು ಅಂದಿದ್ದಾರೆ, ನಿಮಗೆ ಎಷ್ಟು ಬೇಕೋ ಅಷ್ಟು ನಂಬಿ. ಆದರೆ ಕಲ್ಲವ್ವನ ಮಾತು ಮಾತ್ರ ಪೂರಾ ಕೇಳಿ.

ಆ ದವಾಖಾನೆಯಲ್ಲಿ ಆಪರೇಷನ್ ಮಾಡುವ ಕೋಣೆಗೆ ಎರಡು ಬಾಗಿಲು. ಹಿಂದಿನ ಬಾಗಿಲು ಡಾಕ್ಟರುಗಳದು. ಮುಂದಿನ ಬಾಗಿಲು ಒಂದು ಉದ್ದನೆಯ ಪಡಸಾಲೆಗೆ ತೆರೆಯುತ್ತಿತ್ತು. ಅಲ್ಲಿ ಕಲ್ಲಿನ ಬೆಂಚುಗಳ ಮೇಲೆ ಒಳಗಿದ್ದವರ ಮನೆಮಂದಿ ಕೂತಿರುತ್ತಿದ್ದರು. ರೊಟ್ಟಿಗಂಟು ಬಿಚ್ಚುವ ಮನಸ್ಸಿಲ್ಲ, ಎದ್ದು ನೀರು ಕುಡಿಯುವ ಧೈರ್ಯವಿಲ್ಲ, ನೀರು ಕುಡಿಯಲು ಹೋದಾಗಲೇ ಕರೆದುಬಿಟ್ಟರೆ ಅಂತ. ಆ ಬಾಗಿಲಿಂದ ಹೊರಗೆ ಬಂದು ಅವರಿಗೆ ಸುದ್ದಿ ಹೇಳುವ ಕೆಲಸ ಒಬ್ಬ ಆಯಾಳದು. ಅವಳೇ ಕಲ್ಲವ್ವ. ಗಂಡ ತೀರಿಕೊಂಡ ಮೇಲೆ ಹಳ್ಳಿ ಬಿಟ್ಟು ಬಂದು ಸೇರಿದವಳು. ಬಾಗಿಲಿನಷ್ಟೇ ಎತ್ತರ ಇದ್ದಳು ಅಂತಾರೆ. ಇರಲಿಕ್ಕಿಲ್ಲ ಬಿಡಿ, ಕೂತು ಕಾಯುವವರಿಗೆ ನಿಂತವರೆಲ್ಲ ಎತ್ತರವಾಗಿಯೇ ಕಾಣುತ್ತಾರೆ.

ಒಳಗೆ ಡಾಕ್ಟರಮ್ಮ ಕತ್ತರಿ ಹಿಡಿಯುತ್ತಿದ್ದಳು, ಸಿಸ್ಟರುಗಳು ಸೂಜಿ ಹಿಡಿಯುತ್ತಿದ್ದರು, ಕಲ್ಲವ್ವ ಮಾತು ಹಿಡಿಯುತ್ತಿದ್ದಳು. ಬದುಕಿದ್ದರೆ ಬದುಕಿದ ಮಾತು, ಹೋಗಿದ್ದರೆ ಹೋದ ಮಾತು. ಯಾವುದೇ ಆಗಲಿ, ಅವಳೇ ಹೊತ್ತುಕೊಂಡು ಹೊರಗೆ ಬರಬೇಕು. ಬಾಗಿಲು ತೆಗೆಯುವ ಮುಂಚೆ ಅವಳು ಹಿಡಿಕೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದಳು ಅಂತಾರೆ. ವರ್ಷಗಳಾದರೂ ಆ ಹಿಡಿಕೆ ಅವಳಿಗೆ ರೂಢಿಯಾಗಲಿಲ್ಲ. ಪ್ರತಿ ಸಲವೂ ಅವಳ ಅಂಗೈ ಬೆವರುತ್ತಿತ್ತು, ಪ್ರತಿ ಸಲವೂ ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಹೊರಗಿನವರಿಗೆ ಅವಳು ಬಾಯಿ ತೆರೆಯುವವರೆಗೆ ತಾಳ್ಮೆ ಎಲ್ಲಿ? ಮೊದಲು ಅವಳ ಮುಖ ನೋಡಿ ತಿಳಿದುಕೊಳ್ಳತೊಡಗಿದರು. ಅದು ಅವಳಿಗೆ ಗೊತ್ತಾಯಿತು. ಮುಖವನ್ನು ಬಿಗಿಹಿಡಿದು ನಗುವನ್ನೂ ಬಿಟ್ಟಳು, ಅಳುವನ್ನೂ ಬಿಟ್ಟಳು. ಆಮೇಲೆ ಅವಳ ನಡಿಗೆ ನೋಡತೊಡಗಿದರು. ಅದೂ ಗೊತ್ತಾಯಿತು. ಒಂದೇ ಸಮನೆ ನಡೆಯುವುದನ್ನು ಕಲಿತಳು. ಪೇಟೆಯಲ್ಲಿ ಎದುರಾದರೆ ಕೆಲವರು ಬಾಳೆಹಣ್ಣು ಕೊಟ್ಟು ಕೈಮುಗಿಯುತ್ತಿದ್ದರು, ಕೆಲವರು ಓಣಿ ಬದಲಿಸುತ್ತಿದ್ದರು. ಎರಡೂ ಅವಳಿಗೆ ಸಂಕಟವೇ ಆಗಿತ್ತು.

ಆದರೆ ಒಂದು ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ಕೆಲಸದಲ್ಲಿ ಅವಳ ಸೆರಗು ಯಾವಾಗಲೂ ಟೊಂಕಕ್ಕೆ ಸಿಗಿಸಿರುತ್ತಿತ್ತು. ಒಳಗಿನ ಜೀವ ಹೋಗಿದ್ದ ದಿನ ಮಾತ್ರ, ಬಾಗಿಲು ತೆಗೆಯುವಾಗ, ಅವಳ ಕೈ ತಾನಾಗಿ ಸೆರಗನ್ನು ತೆಗೆದು ತಲೆಯ ಮೇಲೆ ಹೊದಿಸುತ್ತಿತ್ತು. ಸತ್ತವರ ಮನೆಯವರ ಮುಂದೆ ಬರಿತಲೆಯಲ್ಲಿ ನಿಲ್ಲಬಾರದು ಅಂತ ಸಣ್ಣವಳಿದ್ದಾಗ ಕಲಿತದ್ದು. ಅವಳು ಮರೆತಿದ್ದಳು, ಕೈ ಮರೆತಿರಲಿಲ್ಲ. ಜನ ಅದನ್ನು ಕಂಡುಹಿಡಿದಿದ್ದರು. ಸೆರಗು ಟೊಂಕದಲ್ಲಿದ್ದರೆ ಉಸಿರು ಬಿಡಬಹುದು, ಸೆರಗು ತಲೆಯ ಮೇಲಿದ್ದರೆ ಮುಗಿಯಿತು. ಬೆಂಚಿನಿಂದ ಬೆಂಚಿಗೆ, ಹಳ್ಳಿಯಿಂದ ಹಳ್ಳಿಗೆ ಈ ಮಾತು ಹೋಯಿತು. ಕಲ್ಲವ್ವನ ಕಿವಿಗೆ ಮಾತ್ರ ಯಾರೂ ಹಾಕಲಿಲ್ಲ, ಹೇಳಿದರೆ ಅದನ್ನೂ ಬಿಟ್ಟಾಳು ಅಂತ.

ಒಂದು ಮಧ್ಯಾಹ್ನ ದ್ಯಾಮಣ್ಣ ಎಂಬ ರೈತ ತನ್ನ ತಂಗಿ ನೀಲವ್ವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದ. ಬಸುರಿ ಹುಡುಗಿ, ಹೊಟ್ಟೆಯೊಳಗೇ ರಕ್ತ ಸೋರಿ ಮುಖ ಬಿಳುಚಿತ್ತು. ಗಂಡ ಗೋವಾ ಕಡೆ ದುಡಿಯಲು ಹೋಗಿದ್ದ. ತಾಯಿ ಹೊಸ್ತಿಲಲ್ಲಿ ನಿಂತು, ನನ್ನ ಮಗಳನ್ನು ತಿರುಗಿ ಕರೆದುಕೊಂಡು ಬಾ ಅಂತ ಮಗನ ಕೈ ಹಿಡಿದಿದ್ದಳಂತೆ. ಡಾಕ್ಟರಮ್ಮ ನೋಡಿದವಳೇ ಹುಡುಗಿಯನ್ನು ಒಳಗೆ ತೆಗೆದುಕೊಂಡಳು. ಸೀಸೆಯಲ್ಲಿ ರಕ್ತ ಕೂಡಿಸಿಡುವ ಕಾಲವಲ್ಲ ಅದು. ಅಣ್ಣನ ಬೆರಳು ಚುಚ್ಚಿ ನೋಡಿದರು, ಹೊಂದಿತು. ಬೇಕಾದಾಗ ಕರೆಯುತ್ತೇವೆ, ಈ ಬೆಂಚು ಬಿಟ್ಟು ಅಲ್ಲಾಡಬೇಡ ಅಂತ ಹೇಳಿ ಕೂರಿಸಿದರು. ದ್ಯಾಮಣ್ಣ ಪಡಸಾಲೆಯ ಕೊನೆಯ ಬೆಂಚಿನ ಮೇಲೆ ಕೂತ. ಪಕ್ಕದವರು ಅವನಿಗೆ ಸೆರಗಿನ ಗುರುತು ಹೇಳಿಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಒಳಗೆ ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮ ತಲೆ ಎತ್ತದೆ, ಅಣ್ಣನನ್ನು ಕರೆ, ಬೇಗ, ಅಂದಳು. ಕಲ್ಲವ್ವ ಓಡಿದಳು. ಅಂದು ಹಿಡಿಕೆ ಹಿಡಿದು ನಿಲ್ಲುವಷ್ಟೂ ಹೊತ್ತಿರಲಿಲ್ಲ. ಬಾಗಿಲು ದೂಡಿ ಹೊರಗೆ ಬಂದಳು. ಬಂದವಳಿಗೆ ಎದುರಿಗೇ ಕಂಡದ್ದು ಯಾರು? ಅವಳ ಗಂಡನ ಅಣ್ಣ, ದೊಡ್ಡ ಭಾವ, ತಲೆಗೆ ಪಟಗಾ ಸುತ್ತಿಕೊಂಡು ಕೋಲು ಊರಿಕೊಂಡು ನೆಟ್ಟಗೆ ಅವಳ ಕಡೆ ಮುಖ ಮಾಡಿ ಕೂತಿದ್ದ. ದವಾಖಾನೆಯ ಕೆಲಸ ನಮ್ಮ ಮನೆತನದವರಿಗೆ ತಕ್ಕದ್ದಲ್ಲ ಅಂದಿದ್ದವನು. ದೊಡ್ಡ ಭಾವನ ಮುಂದೆ ಸೊಸೆ ಬರಿತಲೆಯಲ್ಲಿ ನಿಲ್ಲುವುದುಂಟೇ? ಅವಳ ಕೈ ಯಾರನ್ನೂ ಕೇಳಲಿಲ್ಲ. ಟೊಂಕದಿಂದ ಸೆರಗು ಕಿತ್ತು ತಲೆಯ ಮೇಲೆ ಎಳೆದುಕೊಂಡಿತು. ಮುಖ ಪಕ್ಕಕ್ಕೆ ತಿರುಗಿತು. ತಲೆ ತಗ್ಗಿಸಿಯೇ ಕರೆದಳು.

"ನೀಲವ್ವನ ಕಡಿಯವ್ರು ಯಾರ್ರೀ? ನೀಲವ್ವನ ಅಣ್ಣ?"

ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದಳು. ಕತ್ತೆತ್ತಿ ನೋಡಿದರೆ ಕೊನೆಯ ಬೆಂಚು ಖಾಲಿ. ಪಡಸಾಲೆಯವರೆಲ್ಲ ಅವಳನ್ನೇ ನೋಡುತ್ತ, ತಮ್ಮ ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡು ಕೂತಿದ್ದಾರೆ. ಅವನೆಲ್ಲಿ ಅಂತ ಒಬ್ಬ ಮುದುಕಿಯನ್ನು ಕೇಳಿದಳು.

"ಅಂವ ಎದ್ದು ಹ್ವಾದನಲ್ಲಬೇ," ಅಂದಳು ಮುದುಕಿ. "ನೀ ಸೆರಗ ಹೊತ್ಗೊಂಡು ಬಂದಿಯಲ್ಲ. ಎದಿಗೆ ಕೈ ಹಚ್ಚಿಗೊಂಡು ಎದ್ದು ಹ್ವಾದ, ಪಾಪ."

"ಸೆರಗ ಹೊತ್ತರ ಏನಾತ ಯವ್ವಾ?"

"ಏನಾತು ಅಂದ್ರ? ನೀ ಸೆರಗ ಹೊತ್ತು ಬಂದ್ರ ಒಳಗಿನವರು ಇಲ್ಲ ಅಂತಲ್ಲೇನ. ಊರಿಗೆಲ್ಲ ಗೊತ್ತೈತಿ."

ಆ ಮಾತು ಕೇಳಿ ಕಲ್ಲವ್ವ ತಲೆಯ ಮೇಲಿನ ಸೆರಗನ್ನು ಮುಟ್ಟಿ ನೋಡಿಕೊಂಡಳು ಅಂತಾರೆ. ಇಷ್ಟು ವರ್ಷ ತಾನು ಬಾಯಿ ತೆರೆಯುವ ಮುಂಚೆಯೇ ತನ್ನ ಸೆರಗು ಸಾವು ಸಾರುತ್ತಿತ್ತೇ? ಎಷ್ಟು ಮಂದಿ ತನ್ನನ್ನು ನೋಡಿಯೇ ಕುಸಿದಿದ್ದರು? ಆದರೆ ಅದನ್ನು ನೆನೆಯುತ್ತ ನಿಲ್ಲುವ ಹೊತ್ತಲ್ಲ. ಒಳಗೆ ಹುಡುಗಿಯ ಜೀವ ಬಟ್ಟಲು ಬಟ್ಟಲಾಗಿ ಹೋಗುತ್ತಿದೆ, ಅದನ್ನು ತುಂಬಿಸುವ ರಕ್ತ ಎದ್ದು ಬೀದಿಗೆ ನಡೆದುಹೋಗಿದೆ, ಅಟ್ಟಿದವಳು ತಾನು. ಕಲ್ಲವ್ವ ತಲೆಯ ಮೇಲಿನ ಸೆರಗನ್ನು ಎಳೆದು ಟೊಂಕಕ್ಕೆ ಸಿಕ್ಕಿಸಿದಳು. ದೊಡ್ಡ ಭಾವನ ಮುಂದೆಯೇ, ಅವನ ಮೊಣಕಾಲು ತಾಗುವಂತೆ, ಬರಿತಲೆಯಲ್ಲಿ ಓಡಿದಳು.

ಅವಳು ಓಡಿದ ಕಡೆಯೆಲ್ಲ ಜನ ಎದ್ದು ನಿಂತರು. ಬಾಗಿಲ ಕಲ್ಲವ್ವ ಬಾಗಿಲು ಬಿಟ್ಟು ಓಡುತ್ತಿದ್ದಾಳೆ ಅಂದರೆ ಯಾರ ಮನೆ ಮುಳುಗಿತೋ ಅಂತ. ಹೆರಿಗೆ ಕೋಣೆಯ ಮುಂದೆ ಒಬ್ಬ ಗಂಡಸು ಅವಳ ದಾರಿಗೆ ಅಡ್ಡ ಬಂದು, ನಮ್ಮಾಕೀದೇನ್ರೀ, ಅಂತ ಅಳತೊಡಗಿದ. ಅಲ್ಲಪ್ಪಾ, ನಿಮ್ಮದಲ್ಲ, ಅನ್ನುತ್ತ ಅವನನ್ನು ಸರಿಸಿದಳು. ಹೀಗೆ ಎಲ್ಲರಿಗೂ ನಿಮ್ಮದಲ್ಲ, ನಿಮ್ಮದಲ್ಲ ಅನ್ನುತ್ತಲೇ ಗೇಟು ಮುಟ್ಟಿದಳು. ಗೇಟಿನ ಕಾವಲುಗಾರ, ಒಬ್ಬ ಅಳುತ್ತ ಪೇಟೆ ಕಡೆ ಹೋದ ಅಂದ.

ಪೇಟೆ ಕಡೆ? ಊರಿಗೆ ಹೋಗುವವನಾದರೆ ಚಕ್ಕಡಿ ಬಿಟ್ಟಿದ್ದ ಬೇವಿನ ಮರದ ಕಡೆ ಹೋಗಬೇಕಿತ್ತು. ಕಲ್ಲವ್ವ ಗೇಟಿನಲ್ಲಿ ನಿಂತು ಯೋಚಿಸಿದಳು. ತಂಗಿ ಸತ್ತಳು ಅಂದುಕೊಂಡ ಅಣ್ಣನಿಗೆ ಪೇಟೆಯಲ್ಲಿ ಏನು ಕೆಲಸ? ಆಮೇಲೆ ತಟ್ಟನೆ ಹೊಳೆಯಿತು. ಹುಡುಗಿಗೆ ಗಂಡ ಇದ್ದಾನೆ. ಮುತ್ತೈದೆಯಾಗಿ ಹೋದ ಹೆಣ್ಣಿಗೆ ಕಡೆಯ ಸೀರೆ ತವರಿನದು. ಅಣ್ಣ ಹಸಿರು ಸೀರೆ ತರಲು ಹೋಗಿದ್ದಾನೆ.

ಜವಳಿ ಸಾಲಿನಲ್ಲಿ ಒಂದೊಂದೇ ಅಂಗಡಿ ಹೊಕ್ಕು ನೋಡಿದಳು. ಒಂದರಲ್ಲಿ ಇಲ್ಲ. ಇನ್ನೊಂದರಲ್ಲಿ ಇಲ್ಲ. ಸಾಲಿನ ತುದಿಯ ಒಂದು ಸಣ್ಣ ಅಂಗಡಿಯಲ್ಲಿ ದ್ಯಾಮಣ್ಣ ಕೆಂಪು ದಡಿಯ ಹಸಿರು ಸೀರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮದುವೆಗೋ, ಬಸುರಿಯ ಕುಬಸಕ್ಕೋ ಅಂತ ಅಂಗಡಿಯವನು ಕೇಳುತ್ತಿದ್ದ. ದ್ಯಾಮಣ್ಣ ಸೀರೆಯ ದಡಿಯನ್ನೇ ಬೆರಳಿಂದ ಸವರುತ್ತಿದ್ದ.

"ದ್ಯಾಮಣ್ಣಾ, ನೀಲವ್ವ ಅದಾಳ," ಅಂದಳು ಕಲ್ಲವ್ವ. "ನಿನ್ನ ರಕ್ತಕ್ಕ ದಾರಿ ಕಾಯಾಕತ್ತಾರ. ನಡಿ."

ಅವನು ನಂಬಲಿಲ್ಲ. ಹೇಗೆ ನಂಬಬೇಕು? "ನೀವು ಸೆರಗ ಹೊತ್ಗೊಂಡು ಬಂದ್ರಲ್ರಿ," ಅಂದ. "ನಾ ಕಣ್ಣಾರೆ ನೋಡೀನಿ."

"ಅದು ನಿನ್ನ ತಂಗಿಗಲ್ಲೋ ಯಪ್ಪಾ. ಎದುರಿಗೆ ನಮ್ಮ ಭಾವಾರು ಕುಂತಿದ್ರು, ಅವರಿಗೆ ಹೊತ್ಗೊಂಡೆ. ನನ್ನ ಕೈಯಾಗಿಂದು ತಪ್ಪು, ಆಮ್ಯಾಲೆ ಬೇಕಾದಷ್ಟು ಬೈ. ಈಗ ಓಡು."

ದ್ಯಾಮಣ್ಣ ಓಡಿದ. ಸೀರೆ ಕೈಯಲ್ಲೇ ಇತ್ತು, ಅವನಿಗೆ ಪರಿವೆ ಇರಲಿಲ್ಲ. ಅಂಗಡಿಯವನು ಗಜಕೋಲು ಹಿಡಿದು ಬಾಗಿಲಿಗೆ ಬಂದ, ಆದರೆ ಕೂಗಲಿಲ್ಲ ಅಂತಾರೆ. ಬೀದಿಯುದ್ದಕ್ಕೂ ಆ ಹಸಿರು ಸೀರೆ ಮಡಿಕೆ ಬಿಚ್ಚಿಕೊಂಡು ಹಾರುತ್ತಿತ್ತು, ಹಿಂದೆ ಕಲ್ಲವ್ವ ಅದರ ತುದಿ ಮಣ್ಣಿಗೆ ತಾಗದಂತೆ ಎತ್ತಿ ಹಿಡಿದು ಓಡುತ್ತಿದ್ದಳು ಅಂತಲೂ ಅಂತಾರೆ. ಅದು ಆಮೇಲೆ ಸೇರಿಸಿದ್ದು ಇರಬಹುದು. ಆದರೂ ನನಗೆ ಬಿಡಲು ಮನಸ್ಸಿಲ್ಲ.

ಬಾಗಿಲು ಅವನನ್ನು ಒಳಗೆ ತೆಗೆದುಕೊಂಡು ಮುಚ್ಚಿತು. ಕಲ್ಲವ್ವನಿಗೆ ಒಳಗೆ ಹೋಗಲು ಆಗಲಿಲ್ಲ. ಕೈಗೆ ಸಿಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಆ ಬೆಂಚಿನ ಮೇಲೆ ಅವಳು ಹಿಂದೆಂದೂ ಕೂತಿರಲಿಲ್ಲ. ಅಲ್ಲಿಂದ ನೋಡಿದರೆ ಆ ಬಾಗಿಲು ಎಷ್ಟು ದೊಡ್ಡದು, ಅದರ ಹಿಂದಿನ ಸದ್ದು ಎಷ್ಟು ಸಣ್ಣದು ಅಂತ ಅವಳಿಗೆ ಅಂದು ತಿಳಿಯಿತು. ಪಾತ್ರೆ ಕುಕ್ಕಿದ ಸದ್ದಾದರೂ ಎದೆ ಹಾರುತ್ತಿತ್ತು. ಸದ್ದು ನಿಂತರೆ ಇನ್ನೂ ಹಾರುತ್ತಿತ್ತು. ತಡವಾಗಿದ್ದರೆ? ಆ ತಾಯಿಗೆ ಏನು ಹೇಳುವುದು? ನಿಮ್ಮ ಮಗಳನ್ನು ಕಾಯಿಲೆ ಕೊಲ್ಲಲಿಲ್ಲ, ನನ್ನ ಸೆರಗು ಕೊಂದಿತು ಅನ್ನುವುದೇ?

ಪಕ್ಕದಲ್ಲಿ ಕೂತವರು ಅವಳ ಕಡೆ ತಿರುಗಿದರು. "ಯಾರವ್ವಾ, ಅಳಾಕತ್ತಿಯಲ್ಲ? ಒಳಗ ನಿನ್ನವರು ಅದಾರೇನು?"

ನೋಡಿದರೆ ದೊಡ್ಡ ಭಾವ. ಕಲ್ಲವ್ವನ ಕೈ ಸೆರಗಿನ ಕಡೆ ಹೋಯಿತು. ಹೋದ ಕೈಯನ್ನು ಅವಳೇ ಇನ್ನೊಂದು ಕೈಯಿಂದ ಹಿಡಿದಳು. "ನಾನ್ರೀ ಭಾವಾರ, ಕಲ್ಲವ್ವ," ಅಂದಳು.

"ಕಲ್ಲವ್ವನಾ? ನೀ ಯಾವಾಗ ಬಂದಿ? ಮುಂಜಾನಿಂದ ನಿನ್ನ ದಾರಿನ ನೋಡಾಕತ್ತೀನಿ. ಕಣ್ಣಾಗ ಪರೆ ಬಂದೈತವ್ವಾ. ಎದುರಿಗೆ ಎಮ್ಮಿ ಬಂದು ನಿಂತರೂ ಗುರುತು ಹತ್ತೂದಿಲ್ಲ. ಇಲ್ಲಿ ಯಾರ್ಯಾರೋ ಓಡಾಡಿದ್ರು, ಒಬ್ಬಾಕಿ ನನ್ನ ಮೊಣಕಾಲ ಒದ್ದು ಹ್ವಾದಳು, ಯಾರು ಅಂತ ತಿಳೀಲಿಲ್ಲ."

ಅಂದರೆ ಅವನು ನೋಡಿಯೇ ಇರಲಿಲ್ಲ. ಅವಳು ಹೊದ್ದುಕೊಂಡದ್ದನ್ನೂ ನೋಡಿರಲಿಲ್ಲ, ಕಿತ್ತುಹಾಕಿದ್ದನ್ನೂ ನೋಡಿರಲಿಲ್ಲ. ಕಾಣದ ಕಣ್ಣಿಗೆ ಮರ್ಯಾದೆ ಕೊಡಲು ಹೋಗಿ ಒಂದು ಜೀವ ಕಳೆಯಲು ಕೂತಿದ್ದಳು. ಕಲ್ಲವ್ವ ನಗಲೂ ಆಗದೆ ಅಳಲೂ ಆಗದೆ ನಡೆದದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು ಕೋಲಿನ ಮೇಲೆ ಗದ್ದ ಊರಿ ಕೇಳಿಸಿಕೊಂಡ.

ಆಗ ಬಾಗಿಲು ತೆರೆಯಿತು. ಸುದ್ದಿ ಹೇಳಲು ಕಲ್ಲವ್ವ ಒಳಗೆ ಇರಲಿಲ್ಲವಲ್ಲ, ಡಾಕ್ಟರಮ್ಮ ತಾನೇ ಬಂದಿದ್ದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಣ್ಣಷ್ಟೇ ಕಾಣುತ್ತಿದ್ದಳು. ಪಡಸಾಲೆಯ ಜನ ಅವಳ ಮುಖ ನೋಡಿದರು, ಕೈ ನೋಡಿದರು, ಕಾಲು ನೋಡಿದರು. ಏನೂ ತಿಳಿಯಲಿಲ್ಲ. ಕಲ್ಲವ್ವ ಕಣ್ಣು ಮುಚ್ಚಿಕೊಂಡಳು. ಎಷ್ಟೋ ಜನರ ಮುಂದೆ ನಿಂತವಳಿಗೆ ಅಂದು ನೋಡುವ ಧೈರ್ಯ ಬರಲಿಲ್ಲ. ಅಷ್ಟೂ ಜನರಲ್ಲಿ ಬಾಯಿ ಬಿಟ್ಟು ಕೇಳಿದವನು, ಕಣ್ಣು ಕಾಣದ ಆ ಮುದುಕ ಒಬ್ಬನೇ.

"ಯಾರ್ರೀ ಬಂದವರು? ಒಳಗಿನ ಹುಡಿಗಿ ಹೆಂಗದಾಳ್ರಿ?"

"ಅದಾಳ," ಅಂದಳು ಡಾಕ್ಟರಮ್ಮ. "ಉಳಕೊಂಡಾಳ."

ಕೂಸು ಉಳಿಯಲಿಲ್ಲ, ತಾಯಿ ಉಳಿದಳು. ಮನೆಗೆ ಹೋಗುವ ದಿನ ನೀಲವ್ವ ಆ ಹಸಿರು ಸೀರೆಯನ್ನೇ ಉಟ್ಟುಕೊಂಡು ಚಕ್ಕಡಿ ಹತ್ತಿದಳು. ದ್ಯಾಮಣ್ಣ ಬೈಯಲಿಲ್ಲ. ಹೋಗುವಾಗ ಕಲ್ಲವ್ವನ ಮುಂದೆ ನಿಂತು ಅವಳ ಟೊಂಕದ ಸೆರಗನ್ನು ನೋಡಿ ಕಣ್ಣೊರೆಸಿಕೊಂಡು ಹೋದ ಅಂತಾರೆ.

ದೊಡ್ಡ ಭಾವನ ಕಣ್ಣಿನ ಪರೆಯನ್ನೂ ಅಲ್ಲಿಯೇ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಅವನಿಗೆ ಎಲ್ಲ ಚೆನ್ನಾಗಿ ಕಾಣತೊಡಗಿತು. ಕಂಡ ಮೇಲೆ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕಲ್ಲವ್ವನಿಗೆ ಹೇಳಿ ಹೋಗಲು ಪಡಸಾಲೆಗೆ ಬಂದು ಕೂತ. ಬಾಗಿಲ ಸದ್ದಾಯಿತು. ಅವನು ಎದ್ದು, ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ನಿಂತ. "ನೀ ಕೆಲಸ ಮಾಡವ್ವಾ," ಅಂದ. "ನಾ ಗ್ವಾಡಿ ನೋಡ್ತೀನಿ."

ಕಲ್ಲವ್ವ ಹೋಗಿ ಎಷ್ಟು ಕಾಲವಾಯಿತೋ. ಈಗಲೂ ಆ ದವಾಖಾನೆಯ ಆ ಬಾಗಿಲಿಂದ ಬರುವ ಆಯಾಗಳು ಸೆರಗನ್ನು ಟೊಂಕಕ್ಕೆ ಗಂಟು ಹಾಕಿಕೊಂಡೇ ಬರುತ್ತಾರೆ, ಸುದ್ದಿ ಯಾವುದೇ ಇರಲಿ. ಕಾಯುವವರ ಪೈಕಿ ಹಿರಿಯ ಗಂಡಸರು ಬಾಗಿಲ ಸದ್ದಾದೊಡನೆ ಎದ್ದು ಗೋಡೆಗೆ ಮುಖ ಮಾಡುತ್ತಾರೆ. ಬಂದ ಆಯಾ ತಮ್ಮ ಮನೆಯ ಸೊಸೆಯಲ್ಲ ಅಂತ ಗೊತ್ತಿದ್ದರೂ ಮಾಡುತ್ತಾರೆ. ಹಣೆ ತಾಗಿ ತಾಗಿ ಆ ಗೋಡೆಯಲ್ಲಿ ಒಂದು ಕಡೆ ಸುಣ್ಣ ನಿಲ್ಲುವುದಿಲ್ಲ, ವರ್ಷವೂ ಬಳಿಯುತ್ತಾರೆ, ವರ್ಷವೂ ಹೋಗುತ್ತದೆ. ಹಾಗೆ ನಿಂತುಕೊಂಡೇ, ತಿರುಗದೆ, ನಡುಗುವ ದನಿಯಲ್ಲಿ ಕೇಳುತ್ತಾರೆ: ನಮ್ಮವರು ಹೆಂಗದಾರವ್ವಾ?