ಸಾಲಿನ ಕೊನೆಯ ಮುಖ

"ಗುರುಗಳೇ, ಎಲ್ಲರನ್ನೂ ಸಮನಾಗಿ ಕಾಣು ಎನ್ನುತ್ತೀರಿ. ಹತ್ತಿರದವರು ನನಗೆ ಸ್ಪಷ್ಟವಾಗಿ ಕಾಣುತ್ತಾರೆ, ದೂರದವರು ಮಸುಕು. ಕಣ್ಣೇ ಹಾಗಿದ್ದರೆ ನಾನು ಹೊಣೆಯೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರು ಹೇಳಿದರು:

ಒಂದು ಊರು ಅಣೆಕಟ್ಟಿನ ನೀರಿಗೆ ಮುಳುಗುವುದಿತ್ತು. ಹೊರಡುವ ದಿನ ಊರವರು ಒಬ್ಬ ಛಾಯಾಗ್ರಾಹಕನನ್ನು ಕರೆಸಿದರು. ಎಲ್ಲರೂ ಒಂದೇ ಪಟದಲ್ಲಿ ಬರಬೇಕೆಂಬುದು ಅವರ ಆಸೆ. ಅವನ ಬಳಿ ದೊಡ್ಡ ಫಿಲ್ಮಿನ ಕ್ಯಾಮೆರಾ ಇತ್ತು. ಚಾವಡಿಯ ಎದುರು ಅವನಿಗೆ ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ. ಅದಕ್ಕಾಗಿ ಅಗಲ ನೋಟದ ಲೆನ್ಸ್ ಹಾಕಿದ.

ಆ ಲೆನ್ಸಿನ ಗುಣ ಅವನಿಗೆ ಗೊತ್ತಿತ್ತು. ನಡುವೆ ನಿಂತವರು ಚೆನ್ನಾಗಿ ಬರುತ್ತಿದ್ದರು, ಮೂಲೆಯವರು ಕಲಸಿಹೋಗುತ್ತಿದ್ದರು. ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು ಕಿರಿದು ಮಾಡಿದರೆ ಮೂಲೆಯೂ ತಿಳಿಯಾಗುತ್ತಿತ್ತು. ಆಗ ಬೆಳಕು ಒಳಬರಲು ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತು ಯಾರೂ ಅಲುಗಬಾರದು. ಮಕ್ಕಳು ಅಳುತ್ತಿದ್ದವು. ಸಾಮಾನು ತುಂಬಿದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಬಾಣಂತಿಯೊಬ್ಬಳನ್ನು ಲಾರಿ ಹತ್ತಿಸಿ ಬಂದ ಊರ ಸೂಲಗಿತ್ತಿ ಸಾಲಿನ ತುದಿಯಲ್ಲಿ ನಿಂತಳು. ಛಾಯಾಗ್ರಾಹಕ ಅವಳನ್ನು ಕಂಡ. ಮುಖ್ಯರೆಲ್ಲ ನಡುವೆ ಇದ್ದಾರಲ್ಲ, ಕಾಯುವುದೇಕೆ ಎಂದುಕೊಂಡ. ಕಿಂಡಿಯನ್ನು ಅಗಲವಾಗಿಯೇ ಬಿಟ್ಟು ಪಟ ತೆಗೆದ.

ಕೆಲವು ವರ್ಷಗಳ ಮೇಲೆ ಒಬ್ಬ ಹೆಂಗಸು ಅವನ ಸ್ಟುಡಿಯೋಗೆ ಬಂದಳು. ಸೂಲಗಿತ್ತಿಯ ಸಾಕುಮಗಳು. ಅವ್ವ ತೀರಿಕೊಂಡಿದ್ದಳು, ಬೇರೆ ಪಟವಿರಲಿಲ್ಲ. ಆ ಗುಂಪಿನ ಪಟದಿಂದ ಅವ್ವನ ಮುಖವೊಂದನ್ನೇ ದೊಡ್ಡದು ಮಾಡಿಕೊಡು ಎಂದಳು.

ಅವನು ಕತ್ತಲೆಕೋಣೆಯಲ್ಲಿ ಮುಖವನ್ನು ಹಿಗ್ಗಿಸಿದ. ನಡುವೆ ನಿಂತ ಊರ ಗೌಡನ ಮೀಸೆಯ ಕೂದಲು ಎಣಿಸುವಂತೆ ಬಂದಿತ್ತು. ತುದಿಯಲ್ಲಿ ಸೂಲಗಿತ್ತಿಯ ಮೂಗುತಿಯ ಹೊಳಪು ಮಾತ್ರ ಉಳಿದಿತ್ತು, ಕಣ್ಣುಗಳು ಎಲ್ಲಿವೆಯೆಂದೇ ತಿಳಿಯಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದ. ಇಲ್ಲದ್ದು ಬರಲಿಲ್ಲ.

"ಏನು ಮಾಡಲಿ ತಾಯಿ, ಆ ಲೆನ್ಸೇ ಹಾಗೆ. ಮೂಲೆಯಲ್ಲಿದ್ದವರು ಮಸುಕಾಗುತ್ತಾರೆ" ಎಂದ.

ಅವಳು ಗುಂಪಿನ ಪಟವನ್ನು ಕೈಗೆತ್ತಿಕೊಂಡು ನೋಡಿದಳು. "ಇರಲಿ ಅಣ್ಣಾ. ನಡುವೆ ನಿಂತವರಲ್ಲಿ ಅರ್ಧ ಜನ ಅವ್ವನ ಕೈಯಲ್ಲೇ ಹುಟ್ಟಿದವರು. ಅವರ ಮುಖ ನೋಡಿಯೇ ಅವಳನ್ನು ನೆನೆಯುತ್ತೇನೆ" ಎಂದಳು. ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಂದು ಕೆಟ್ಟ ಮಾತು ಆಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮುಂದೆಯೂ ಅವನು ಆ ಲೆನ್ಸಿನಲ್ಲೇ ಗುಂಪಿನ ಪಟಗಳನ್ನು ತೆಗೆದ. ಆದರೆ ಮೊದಲು ಸಾಲಿನ ತುದಿಗೆ ಹೋಗಿ ಅಲ್ಲಿದ್ದವರ ಮುಖ ನೋಡಿ ಬರುತ್ತಿದ್ದ. ಕಿಂಡಿಯನ್ನು ಕಿರಿದು ಮಾಡುತ್ತಿದ್ದ. ಅಳುವ ಮಗು ಸುಮ್ಮನಾಗುವವರೆಗೆ, ದೊಡ್ಡವರು ಗೊಣಗಿದರೂ, ಕಾಯುತ್ತಿದ್ದ. ಮೂಲೆಯವರೂ ತಿಳಿಯಾಗಿ ಬಂದರು. ಸೂಲಗಿತ್ತಿ ಮಾತ್ರ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು.

ನಿಜಗುಣ ಮೆಲ್ಲಗೆ ಕೇಳಿದ: "ಆದರೂ ಗುರುಗಳೇ, ದೋಷ ಲೆನ್ಸಿನದೇ ಅಲ್ಲವೇ?"

"ದೋಷ ಲೆನ್ಸಿನದೇ, ಮಗು, ಅವಸರ ಅವನದು."